ಹೊರಗೆ ಹಿಡಿಯಿಲ್ಲದ ಬಾಗಿಲು

ಕೊಳ್ಳಲು ಬಂದವರ ಮುಂದೆ ಇನ್ನೊಬ್ಬರ ಕಾರನ್ನು ಹಳಿಯಬಾರದು. ಕಾರ್ನ್‌ವಾಲಿನ ಹಳೆಯ ಕಾರುಗಳ ಕ್ಲಬ್ಬಿನಲ್ಲಿ ಯಾರೂ ಮೀರದ ಕಟ್ಟಳೆ ಅದೊಂದೇ. ಭಾನುವಾರ ಬೆಳಿಗ್ಗೆ, ಪಬ್ಬಿನ ಅಂಗಳದಲ್ಲಿ, ಐವರ್ ಪ್ಯಾಸ್ಕೋ ಅದನ್ನು ಗಾಳಿಗೆ ತೂರಿದ.

"ಈ ಸ್ಪ್ರೈಟ್ ಕಾರಿನ ಡಿಕ್ಕಿಗೆ ಮುಚ್ಚಳಾನೇ ಇಲ್ಲ ಸಾರ್. ಒಂದು ಚೀಲ ಇಡ್ಬೇಕಂದ್ರೂ ಸೀಟಿನ ಹಿಂದೆ ನುಸುಳ್ಬೇಕು. ಬಾಗಿಲಿಗೆ ಹೊರಗಡೆ ಹಿಡಿ ಕೂಡ ಇಲ್ಲ!"

ಥೋರಾಳ ಕಿವಿ ಕೆಂಪೇರಿತು. ಕಪ್ಪೆಗಣ್ಣಿನ ಆ ಪುಟ್ಟ ಹಸಿರು ಕಾರು ಅವಳದು. ನ್ಯೂಜಿಲೆಂಡಿನ ಅಣ್ಣನ ಮನೆಗೆ ಹೊರಟವಳು, ಅದನ್ನು ಮಾರಿಯೇ ವಿಮಾನ ಹತ್ತಬೇಕೆಂದಿದ್ದಳು. ಕೊಳ್ಳಲು ಬಂದಿದ್ದ ಕಾರು ಸಂಗ್ರಾಹಕ ಲಾಸೆಲ್ಸ್‌ಗೆ ಬೇಕಾಗಿದ್ದುದು ಒಂದೇ ಕಾರು. ಅಷ್ಟರಲ್ಲಿ ಈ ಐವರ್ ತನ್ನ ಕೆಂಪು ಎಂಜಿ ಮಿಡ್ಜೆಟ್ ತಂದು ಪಕ್ಕದಲ್ಲೇ ನಿಲ್ಲಿಸಿದ್ದ.

"ಎರಡೂ ಒಂದೇ ಕಾರ್ಖಾನೇಲಿ ಹುಟ್ಟಿದ್ದು, ಎಂಜಿನ್ನೂ ಹೆಚ್ಚುಕಡಿಮೆ ಒಂದೇ. ಆದ್ರೆ ನಂದಕ್ಕೆ ಏರಿಸೋ ಗಾಜು, ಡಿಕ್ಕಿ, ಹಿಡಿ, ಎಲ್ಲಾ ಇದೆ," ಎಂದ ಐವರ್.

"ನಂದಕ್ಕೆ ಮುಖ ಇದೆ," ಎಂದಳು ಥೋರಾ. "ನೋಡಿದ್ರೆ ನಗು ಬರುತ್ತೆ. ನಿಮ್ಮದನ್ನ ನೋಡಿದ್ರೆ ಬ್ಯಾಂಕ್ ಮ್ಯಾನೇಜರ್ ನೆನಪಾಗ್ತಾನೆ."

ಲಾಸೆಲ್ಸ್ ನಕ್ಕು, ಮಿಡ್ಜೆಟ್ಟನ್ನು ಒಂದು ಸುತ್ತು ಓಡಿಸಿ ನೋಡಲು ಹೋದ. ಥೋರಾ ತಿರುಗಿ ನಿಂತಳು.

"ನಾಚಿಕೆ ಆಗಲ್ವಾ ನಿಮಗೆ? ಪ್ರತಿ ವಾರ ನನ್ನ ಕಾರಿನ ಬಾನೆಟ್ ಎತ್ತಿ ಮುದ್ದು ಮಾಡ್ತಿದ್ದೋರು ನೀವೇ ಅಲ್ವಾ?"

ಐವರ್ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದ. ಅವನ ಉಗುರಿನ ಅಂಚಿನಲ್ಲಿ ಹಸಿರು ಬಣ್ಣ. ಹೋದ ವಾರ ಅವಳ ಕಾರಿಗೆ ಟಚಪ್ ಮಾಡಿದವನೂ ಅವನೇ.

"ನಿಮ್ಮಪ್ಪನ ಕಾಲದ ಕಾರು ಮಿಡ್ಜೆಟ್. ಪ್ರಾಣ ಹೋದ್ರೂ ಮಾರಲ್ಲ ಅಂತಿದ್ರಿ. ಈಗೇನಾಯ್ತು?"

"ಅವನು ನಿಮ್ಮದನ್ನ ತಗೊಂಡ್ರೆ ನೀವು ಹೋಗಿಬಿಡ್ತೀರಿ," ಎಂದ ಐವರ್. "ಬೇರೇನೂ ತೋಚಲಿಲ್ಲ."

ಥೋರಾಳ ಸಿಟ್ಟು ಅರ್ಧದಾರಿಯಲ್ಲೇ ನಿಂತಿತು. ಇಷ್ಟು ವರ್ಷ ಈ ಮನುಷ್ಯ ಸ್ಪಾರ್ಕ್ ಪ್ಲಗ್ಗಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದಾನೆ, ತನ್ನ ಮನಸ್ಸಿನ ಬಗ್ಗೆ ಒಂದು ಮಾತೂ ಆಡಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು.

"ಹೋಗಬೇಡ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಧೈರ್ಯ ಬರಲಿಲ್ಲ. ಈಗ ಹೇಳ್ತೀನಿ. ಹೋಗ್ಬೇಡಿ ಥೋರಾ. ನೀವಂದ್ರೆ ನನಗೆ ಪ್ರಾಣ."

ಉತ್ತರ ಬರುವ ಮೊದಲೇ ಲಾಸೆಲ್ಸ್ ಮರಳಿದ. "ಇದೇ ಇರಲಿ," ಎಂದು ಕೈ ಚಾಚಿದ. ಐವರ್ ಒಮ್ಮೆ ಸ್ಟೀರಿಂಗ್ ಸವರಿ, ಕೈಕುಲುಕಿದ. ಕ್ಲಬ್ಬಿನಲ್ಲಿ ಕೈಕುಲುಕಿದರೆ ವ್ಯಾಪಾರ ಮುಗಿದಂತೆ. ಕೆಂಪು ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವನು ನೋಡುತ್ತಲೇ ನಿಂತಿದ್ದ.

"ನಾಳೆ ನನ್ನದಕ್ಕೆ ಇನ್ನೊಬ್ಬ ಬಂದ್ರೆ ಏನ್ಮಾಡ್ತೀರಿ?" ಸ್ಪ್ರೈಟ್ ಹತ್ತಿ ಕೂತು ಕೇಳಿದಳು ಥೋರಾ.

"ಮಾರೋಕೆ ಇನ್ನು ಚಹಾ ಕೆಟಲ್ ಮಾತ್ರ ಇದೆ."

"ಅದು ಇರಲಿ. ನಾಳೆ ಬೆಳಿಗ್ಗೆ ಇಬ್ಬರಿಗೂ ಬೇಕಾಗುತ್ತೆ."

ಅವನು ಕಣ್ಣು ಪಿಳಿಪಿಳಿ ಬಿಡುತ್ತ ನಿಂತ. ಥೋರಾ ಆ ಕಡೆಗೆ ಬಾಗಿ, ಒಳಗಿನಿಂದ ಬಾಗಿಲು ತೆರೆದಳು.

"ಹೊರಗಡೆ ಹಿಡಿ ಇಲ್ಲ ಅಂತ ಬೈದ್ರಲ್ಲ! ಬಾ ಐವರ್, ಹತ್ತು."