ಬಿಸಿಯಪ್ಪನ ಲ್ಯಾಪ್‌ಟಾಪ್

"ಆಫ್ ಮಾಡ್ಬೇಡಿ! ದಯವಿಟ್ಟು ಆಫ್ ಮಾಡ್ಬೇಡಿ… ಒಳಗೆ ಒಬ್ಬರ ಕಾಲಿದೆ!"

ಅಂಗಡಿಯ ಬಾಗಿಲಲ್ಲಿ ನಿಂತ ಗಂಡಸು ತೆರೆದ ಲ್ಯಾಪ್‌ಟಾಪನ್ನು ತುಂಬಿದ ತಟ್ಟೆಯಂತೆ ಎರಡೂ ಕೈಗಳಲ್ಲಿ ಹಿಡಿದಿದ್ದ. ಅದರ ಕೆಳಗೆ ಒದ್ದೆ ಟವೆಲ್ ಮಡಿಸಿಟ್ಟಿತ್ತು. ಟವೆಲಿನ ನೀರು ಅವನ ಮೊಣಕೈಗೆ ಇಳಿದು, ಅಲ್ಲಿಂದ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಗಲ್ಲಾದ ಹಿಂದೆ ಕೂತು ದೇವರ ಸ್ಮರಣೆ ಮಾಡುತ್ತಿದ್ದ ಅತ್ತೆ ಅರ್ಧಕ್ಕೇ ನಿಲ್ಲಿಸಿದರು.

"ಅಯ್ಯೋ ದೇವರೇ! ಕಾಲಾ?"

"ಕಾಲಿನ ನಕ್ಷೆ, ಅಮ್ಮ. ನಾನು ಕೃತಕ ಕಾಲು ಮಾಡೋನು. ಇದು ಆಫ್ ಆದ್ರೆ ಮಾಡಿದ್ದೆಲ್ಲ ಹೋಗತ್ತೆ. ಮುಟ್ಟೋಕಾಗ್ತಿಲ್ಲ, ಅಷ್ಟು ಬಿಸಿ…"

ಒಳಗಿನ ಮೇಜಿನಿಂದ ಸೊಸೆ ಎದ್ದು ಬಂದಳು. ಅವನ ಮುಖವನ್ನು ನೋಡಲಿಲ್ಲ, ಯಂತ್ರವನ್ನು ನೋಡಿದಳು.

"ಮೊದಲು ಆ ಟವೆಲ್ ತೆಗೀರಿ. ಜ್ವರ ಇಳಿಸೋಕೆ ಹೋಗಿ ಮುಳುಗಿಸಿಬಿಡ್ತೀರಿ."

ಅವಳು ಕೆಳಗೆ ಎರಡು ಮರದ ತುಂಡು ಕೊಟ್ಟು ಯಂತ್ರವನ್ನು ಎತ್ತರಿಸಿದಳು, ಮೇಜಿನ ಫ್ಯಾನನ್ನು ಅದರತ್ತ ತಿರುಗಿಸಿದಳು, ನಕ್ಷೆಯನ್ನು ಬೇರೊಂದು ಡಿಸ್ಕಿಗೆ ಇಳಿಸಿದಳು. ಕೊನೆಯ ಗೆರೆ ಇಳಿದು ಮುಗಿದ ಸ್ವಲ್ಪ ಹೊತ್ತಿಗೇ ಪರದೆ ಕಪ್ಪಾಯಿತು.

"ಹೋಯ್ತಾ?" ಎಂದ ಅವನು.

"ಯಂತ್ರ ಹೋಯ್ತು. ಕಾಲು ಉಳೀತು," ಎಂದಳು.

ಆಗ ಅವನು ನಕ್ಕ. ಅವಳು ಆಗ ಮುಖ ನೋಡಿದಳು. ನೋಡಬಾರದಿತ್ತು ಎಂದು ಆಮೇಲೆ ಅಂದುಕೊಂಡಳು.

ಆ ಅಂಗಡಿ ಅವಳ ಗಂಡನದು. ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ, ಇಬ್ಬರೂ ಒಂದೇ ಮನೆಯಲ್ಲಿದ್ದರೆ ಯಾರು ಯಾರನ್ನು ಸಂತೈಸಬೇಕು? ಅಳು ಮುಗಿಯುವ ಲಕ್ಷಣ ಕಾಣದಿದ್ದಾಗ ಇಬ್ಬರೂ ಅಂಗಡಿಯ ಬಾಗಿಲು ತೆಗೆದರು. ಅತ್ತೆ ಗಲ್ಲಾಕ್ಕೆ ಕೂತರು. ಸೊಸೆ ಗಂಡನಿಂದ ಕಲಿತ ಕೆಲಸವನ್ನು ಕೈಗೆತ್ತಿಕೊಂಡಳು.

ಗಂಡನ ಅಣ್ಣ ಬಂದು ಒಂದೇ ಮಾತು ಹೇಳಿ ಹೋಗಿದ್ದ. "ಅಂಗಡಿ ಕಟ್ಟಡ ನನ್ನ ಹೆಸರಲ್ಲಿದೆ. ನಡೆಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಊರ ಬಾಯಿಗೆ ಬಿದ್ದ ದಿನ ನಾನೇ ಬೀಗ ಹಾಕ್ತೀನಿ."

ಅಂದೇ ಅವಳು ತನಗೊಂದು ಕಟ್ಟು ಹಾಕಿಕೊಂಡಳು. ಗಿರಾಕಿಯ ಹತ್ತಿರ ಯಂತ್ರದ ಮಾತು ಬಿಟ್ಟು ಬೇರೆ ಮಾತಿಲ್ಲ. ಅದನ್ನು ಅವಳು ಈವರೆಗೆ ಮುರಿದಿರಲಿಲ್ಲ.

"ಫ್ಯಾನ್ ಸವೆದಿದೆ," ಎಂದು ಮಾರನೆಯ ದಿನ ಅವನಿಗೆ ಹೇಳಿದಳು. "ಶಾಖ ಹೊರಗೆ ಸಾಗಿಸೋ ಈ ತಾಮ್ರದ ಕೊಳವೆ, ಹೀಟ್ ಸಿಂಕ್ ಅಂತೀವಿ, ಅದೂ ಸೋತಿದೆ. ಪ್ರೊಸೆಸರ್ ನಿಮ್ಮ ಕೆಲಸಕ್ಕೆ ಸಾಲಲ್ಲ. ಈಗಿನ ಯಂತ್ರಗಳಲ್ಲಿ ಅದು ಬೆಸೆದೇ ಇರತ್ತೆ. ನಿಮ್ಮದು ಹಳೇ ಮಾದರಿ, ತೆಗೆದು ಬೇರೆ ಕೂರಿಸಬಹುದು."

"ಅಂದ್ರೆ ಮೆದುಳೇ ಬದಲಾಯಿಸ್ತಾಳೆ," ಎಂದು ಅತ್ತೆ ಅರ್ಥ ಬಿಡಿಸಿದರು. "ಮನುಷ್ಯರಿಗೂ ಹೀಗೆ ಆಗೋ ಹಾಗಿದ್ರೆ ನಮ್ಮ ನೆಂಟರಲ್ಲಿ ಇಬ್ಬರನ್ನ ಕರ್ಕೊಂಡು ಬರ್ತಿದ್ದೆ!"

ಹೊಸ ಭಾಗಗಳು ಬಂದ ದಿನ ಅವನು ಎದುರಿನ ಸ್ಟೂಲಿನ ಮೇಲೆ ಕೂತ. ಅವಳು ಯಂತ್ರವನ್ನು ಮಗುಚಿ, ಒಂದು ಹಾಳೆಯ ಮೇಲೆ ಅದರ ಆಕಾರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಸಾಲಾಗಿ ಇಟ್ಟಳು. ಹಳೆಯ ಪ್ರೊಸೆಸರನ್ನು ಬಿಡಿಸಿ ಹೊಸದನ್ನು ಮೂಲೆಯ ಗುರುತು ನೋಡಿ ಕೂರಿಸಿದಳು. ಒತ್ತಬಾರದು, ಅದು ತಾನಾಗಿಯೇ ಕೂರಬೇಕು.

"ಎಷ್ಟು ನಿಧಾನ!" ಎಂದ ಅವನು. "ನಮ್ಮಲ್ಲೂ ಹೀಗೇ."

ಅವಳು ಪ್ರೊಸೆಸರಿನ ಕೊಂಡಿ ಬಿಗಿದಳು.

"ನಮ್ಮಲ್ಲಿಗೆ ಬಂದವರೆಲ್ಲ ಹೋದ ಕಾಲಿನ ಬಗ್ಗೆನೇ ಹೇಳ್ತಾರೆ. ಅದು ಹೀಗಿತ್ತು, ಹಾಗೆ ಓಡ್ತಿತ್ತು ಅಂತ. ಕೇಳ್ತೀನಿ, ಕೇಳ್ಬೇಕು. ಆದ್ರೆ ನಾನು ಅಳತೆ ತಗೊಳ್ಳೋದು ಹೋದದ್ದರದ್ದಲ್ಲ. ಉಳಿದದ್ದರದ್ದು. ಉಳಿದದ್ದನ್ನ ಸರಿಯಾಗಿ ಮುಟ್ಟಿ ನೋಡಿದ್ರೆ, ಅದೇ ಹೇಳತ್ತೆ ಮುಂದೇನು ಜೋಡಿಸ್ಬೇಕು ಅಂತ."

ಅವನು ಅದನ್ನು ಅವಳಿಗೆಂದು ಹೇಳಿದ್ದಲ್ಲ. ತನ್ನ ಕೆಲಸದ ಮಾತು ಹೇಳಿದ್ದ, ಅಷ್ಟೆ. ಆದರೂ ಅವಳ ಕೈ ಒಂದು ಕ್ಷಣ ನಿಂತಿತು. 'ಉಳಿದದ್ದು…' ಎಂದುಕೊಂಡಳು. ಡಬ್ಬಿಯಿಂದ ಹೊಸ ಹೀಟ್ ಸಿಂಕ್ ತೆಗೆದಳು, ಪ್ರೊಸೆಸರ್ ಮೇಲೆ ಇಟ್ಟಳು, ಮೂಲೆಯಿಂದ ಎದುರು ಮೂಲೆಗೆ ಸ್ಕ್ರೂ ಬಿಗಿದಳು. ಫ್ಯಾನಿನ ತಂತಿ ಸಿಕ್ಕಿಸಿದಳು. ಹಾಳೆಯ ಮೇಲೆ ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ.

ಯಂತ್ರ ಸದ್ದಿಲ್ಲದೆ ಎದ್ದಿತು. ಅವಳು ವಾಡಿಕೆಯಂತೆ ಒಂದು ವಿಡಿಯೊ ಹಾಕಿ ಬಹಳ ಹೊತ್ತು ಬಿಟ್ಟಳು. ಶಾಖದ ಅಂಕಿ ತುಸು ಮೇಲಿತ್ತು. ಹೊಸ ಪ್ರೊಸೆಸರಿನ ಸ್ವಭಾವವಿರಬೇಕು ಎಂದುಕೊಂಡಳು.

ವಾರದೊಳಗೆ ಅವನು ಮತ್ತೆ ಬಂದ.

"ಬಿಸಿ ಆಗ್ತಿದೆ."

ಅವಳು ಹಚ್ಚಿ ನೋಡಿದಳು. ಬಿಸಿ ಆಗಲಿಲ್ಲ.

ಇನ್ನೊಮ್ಮೆ ಬಂದ. "ಅಲ್ಲಿ ಬಿಸಿ ಆಗಿ ಆಫ್ ಆಗತ್ತೆ. ಇಲ್ಲಿ ತಂದ್ರೆ ತಣ್ಣಗಿರತ್ತೆ. ನನಗೂ ಅರ್ಥ ಆಗ್ತಿಲ್ಲ."

"ಜ್ವರದ ಮಗು ಡಾಕ್ಟರ ಮುಂದೆ ಕುಣಿದಾಡಿದ ಹಾಗೆ," ಎಂದರು ಅತ್ತೆ.

"ಅಲ್ಲಿ ಏನು ಹಾಕ್ತೀರೋ ಅದನ್ನೇ ಇಲ್ಲಿ ಹಾಕಿ ತೋರಿಸಿ," ಎಂದಳು ಅವಳು.

"ನಕ್ಷೆ ಮಾಡೋ ಪ್ರೋಗ್ರಾಂ ಕಾಲು ಅಳೆಯೋ ಸ್ಕ್ಯಾನರ್ ಸಿಕ್ಕಿಸಿದ್ರೇನೇ ತೆರೆಯೋದು. ಸ್ಕ್ಯಾನರ್ ಬೀರುವಿನಷ್ಟಿದೆ…"

ಅವಳು ಫ್ಯಾನ್ ನೋಡಿದಳು, ಗಾಳಿಯ ದಾರಿ ನೋಡಿದಳು, ಮುಚ್ಚಿ ಕೊಟ್ಟಳು. ಅವನು ಮತ್ತೆ ಬಂದ. ಅತ್ತೆ ಅವನಿಗೆ ಬಿಸಿಯಪ್ಪ ಎಂದು ಹೆಸರಿಟ್ಟರು. ಬಂದರೆ ಸ್ಟೂಲ್ ಎಳೆದು ಕೊಡುತ್ತಿದ್ದರು. ಬಾರದ ವಾರ, "ಬಿಸಿಯಪ್ಪ ಆರಿಹೋದನೇನೋ," ಎನ್ನುತ್ತಿದ್ದರು. ಸೊಸೆ ಕೇಳಿಸದವಳಂತೆ ಇರುತ್ತಿದ್ದಳು. ಆದರೆ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವಳ ತಲೆ ಏಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದದ್ದೇ ಅವಳಿಗೆ ಭಯ.

ಗಡಿಗೆಯ ಬಾಯಿಗೆ ಮುಚ್ಚಳ ಸಿಕ್ಕೀತು, ಊರ ಬಾಯಿಗೆ ಎಲ್ಲಿ? ಒಂದು ದಿನ ಎದುರಂಗಡಿಯ ಟೈಲರ್ ಕತ್ತರಿ ಆಡಿಸುತ್ತಲೇ ಕೂಗಿದ.

"ಏನಕ್ಕಾ, ಆ ಲ್ಯಾಪ್‌ಟಾಪಿಗೆ ವಾರಾ ವಾರಾ ಜ್ವರಾನಾ? ಇಲ್ಲಾ ಅದರ ಯಜಮಾನರಿಗಾ?"

ಅವನ ಹೊಲಿಗೆ ಯಂತ್ರದ ಬಳಿ ಕೂತಿದ್ದ ಇಬ್ಬರು ನಕ್ಕರು. ಅವಳ ಕಿವಿಯವರೆಗೂ ರಕ್ತ ಏರಿತು. ಭಾವನ ಮಾತು ನೆನಪಾಯಿತು. ಬೀಗ ನೆನಪಾಯಿತು. ಸರಿಯಾಗಿ ಅದೇ ಹೊತ್ತಿಗೆ ಅವನು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದ.

"ಮತ್ತೆ ಆಫ್ ಆಯ್ತು. ಈ ಸಲ ಅರ್ಧ ಕಾಲಿಗೇ…"

"ಸಾಕು ಮಾಡ್ತೀರಾ?"

ಅವನು ನಿಂತಲ್ಲೇ ನಿಂತ.

"ಯಂತ್ರಕ್ಕೆ ಏನೂ ಆಗಿಲ್ಲ. ಎಷ್ಟು ಸಲ ನೋಡಿದ್ದೀನಿ! ನಿಮಗೆ ಬರೋಕೊಂದು ನೆಪ ಬೇಕು, ಅಷ್ಟೆ. ಇದು ಅಂಗಡಿ. ನಾನು ಹೊಟ್ಟೆಪಾಡಿಗೆ ಕೂತಿರೋಳು. ಗಂಡ ಇಲ್ಲದೋಳು ಅಂತ ಸದರ ಅಂದ್ಕೊಂಡ್ರಾ?"

ಅತ್ತೆ, "ಮಗಳೇ…" ಎಂದು ಎದ್ದರು. ಬೀದಿಯ ನಗು ನಿಂತಿತ್ತು.

ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ, ಬಣ್ಣ ಮಾತ್ರ ಇಳಿಯಿತು. ಚೀಲವನ್ನು ಗಲ್ಲಾದ ಮೇಲೆ ಮೆಲ್ಲಗೆ ಇಟ್ಟ.

"ಅಂಚೆ ಹಂಚೋ ಹೆಂಗಸೊಬ್ಬರು ಕಾಲಿಗೆ ಕಾಯ್ತಿದ್ದಾರೆ. ಅವರ ಕೆಲಸ ಉಳೀಬೇಕಾದ್ರೆ ಬೇಗ ನಡೀಬೇಕು. ಇದೊಂದು ಸರಿ ಆದ್ರೆ ಯಾರ ಕೈಲಾದ್ರೂ ಕಳಿಸಿ. ನಾನು… ಬರೋದಿಲ್ಲ."

ಹೋದ.

ಮಧ್ಯಾಹ್ನ ಅವಳು ಯಂತ್ರವನ್ನು ಮೇಜಿಗೆ ತಂದಳು. ಸರಿ ಮಾಡುವ ಮನಸ್ಸಿನಿಂದಲ್ಲ, ತಾನು ಸರಿಯೆಂದು ತೋರಿಸುವ ಹಟದಿಂದ. ಈ ಸಲ ಮೇಲೆ ಮೇಲೆ ನೋಡಲಿಲ್ಲ. ಫ್ಯಾನ್ ಬಿಚ್ಚಿದಳು, ಹೀಟ್ ಸಿಂಕಿನ ಸ್ಕ್ರೂ ಒಂದೊಂದಾಗಿ ಸಡಿಲಿಸಿದಳು, ತಾಮ್ರವನ್ನು ಎತ್ತಿ ಬೆಳಕಿಗೆ ಹಿಡಿದಳು.

ಏನೋ ಮಿನುಗಿತು.

ಉಗುರಿನಿಂದ ಅಂಚನ್ನು ಕೆದಕಿದಳು. ನೀರಿನ ಪೊರೆಯಂಥ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಬಿಟ್ಟು ಬಂತು. ಹೊಸ ಹೀಟ್ ಸಿಂಕಿನ ಅಡಿಯಲ್ಲಿ ಶಾಖ ದಾಟಿಸುವ ಲೇಪ ಹಚ್ಚಿಯೇ ಬರುತ್ತದೆ. ಧೂಳು ಕೂರದಿರಲೆಂದು ಅದರ ಮೇಲೆ ಈ ಹಾಳೆ. ಕೂರಿಸುವ ಮುಂಚೆ ಕಿತ್ತು ಎಸೆಯಬೇಕು. ಎಸೆಯದಿದ್ದರೆ ಯಂತ್ರ ಓಡುತ್ತದೆ, ಹಗುರ ಕೆಲಸಕ್ಕೆ ತಣ್ಣಗೂ ಇರುತ್ತದೆ. ಭಾರ ಬಿದ್ದಾಗ ಮಾತ್ರ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಅವಳು ಇಷ್ಟು ದಿನ ಹಳೆಯ ಯಂತ್ರಗಳಿಂದ ಬಿಚ್ಚಿದ ಹೀಟ್ ಸಿಂಕನ್ನೇ ಹೆಚ್ಚಾಗಿ ಬಳಸಿದವಳು. ಅವುಗಳಿಗೆ ಹಾಳೆ ಇರುವುದಿಲ್ಲ. ತೆಗೆದ ಸ್ಕ್ರೂಗಳಿಗೆ ಅವಳಲ್ಲಿ ಲೆಕ್ಕವಿತ್ತು. ತೆಗೆಯದ ಹಾಳೆಗೆ ಇರಲಿಲ್ಲ.

"ಅತ್ತೆ…"

ಅವರು ಬಂದು ನೋಡಿದರು.

"ಅವರು ಹೇಳಿದ್ದೆಲ್ಲ ನಿಜ. ನಿಜವಾಗ್ಲೂ ಬಿಸಿ ಆಗ್ತಿತ್ತು. ಮಾಡಿದೋಳು ನಾನು. ಬೀದಿಯಲ್ಲಿ ಬೈದೋಳೂ ನಾನೇ."

"ಹಾಳೆ ತೆಗೀಬೇಕು ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅವರೇ ಕಲಿಸಿದ್ರಲ್ಲ." ಅವರೆಂದರೆ ಅವಳ ಗಂಡ.

"ಮತ್ತೆ? ನಿನ್ನ ಕೈ ಹೀಗೆ ತಪ್ಪಿದ್ದು ನಾನು ಕಂಡಿಲ್ಲ. ಅವತ್ತು ಮನಸ್ಸು ಎಲ್ಲಿತ್ತು, ತಾಯಿ?"

ಅವಳ ಬೆರಳ ತುದಿಗೆ ಅಂಟಿದ್ದ ಹಾಳೆ ಬಿಡಲೊಲ್ಲದೆ ಅಲ್ಲೇ ಇತ್ತು. 'ನೆಪ ನಿಮಗೆ ಬೇಕು ಅಂದೆನಲ್ಲ… ನನ್ನ ಮನಸ್ಸು ನನಗಿಂತ ಮುಂಚೆಯೇ ಅವರ ಮಾತಿನ ಹಿಂದೆ ಹೋಗಿತ್ತು!'

ಅತ್ತೆ ಪಕ್ಕದಲ್ಲಿ ಕೂತರು. ಅವರ ಧ್ವನಿ ಎಂದಿನಂತೆಯೇ ಇತ್ತು.

"ನನ್ನ ಮಗನನ್ನ ದೇವರು ಕರ್ಕೊಂಡ. ಯಾಕೆ ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ, ಅವನು ಹೇಳಿಲ್ಲ. ಹೇಳದಿದ್ರೂ ನಾನು ಅವನನ್ನ ಬಿಟ್ಟಿಲ್ಲ. ಆದ್ರೆ ಒಂದು ಗೊತ್ತು. ನಿನ್ನನ್ನೂ ಮಗನ ಜೊತೆ ಹೂಳು ಅಂತ ಅವನು ಎಲ್ಲೂ ಹೇಳಿಲ್ಲ."

"ಭಾವ ಬೀಗ ಹಾಕ್ತಾರೆ, ಅತ್ತೆ."

"ಅವನೂ ನಾನು ಹೆತ್ತವನೇ. ಬೀಗ ತಗೊಂಡು ಬರ್ಲಿ, ನಾನು ಹೊಸ್ತಿಲ ಮೇಲೆ ಕೂತಿರ್ತೀನಿ. ನೀನು ಮೊದಲು ಹೋಗಿ ತಪ್ಪು ಒಪ್ಕೋ. ಉಳಿದದ್ದು ಆಮೇಲೆ."

ಹಾಳೆ ಕಿತ್ತ ಹೀಟ್ ಸಿಂಕನ್ನು ಮತ್ತೆ ಕೂರಿಸಿ, ಮರುದಿನ ಬೆಳಗ್ಗೆ ಅವಳೇ ಚೀಲ ಹೊತ್ತು ಹೊರಟಳು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವನ ಕಾರ್ಯಾಗಾರವಿತ್ತು. ನೆಲದ ತುಂಬ ಪ್ಲಾಸ್ಟರಿನ ಬಿಳಿ ಪುಡಿ. ಗೋಡೆಯುದ್ದಕ್ಕೂ ಮೊಣಕಾಲುಗಳು, ಪಾದಗಳು, ಅರ್ಧ ಮುಗಿದ ಅಚ್ಚುಗಳು. ಕಿಟಕಿಯ ಬಳಿ ಹಿಡಿದು ನಡೆಯಲು ಎರಡು ಉದ್ದನೆಯ ಕಂಬಿಗಳು. ಬೆಂಚಿನ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಒಬ್ಬ ಗಟ್ಟಿಮುಟ್ಟಾದ ಹೆಂಗಸು ಕೂತಿದ್ದಳು, ಅವನು ಹೇಳಿದ್ದ ಅಂಚೆಯವಳು.

ಅವನು ಅರದಿಂದ ಏನನ್ನೋ ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ.

"ಯಾರ ಕೈಲಾದ್ರೂ ಕಳಿಸಿ ಅಂದಿದ್ದೆ…"

"ತಪ್ಪನ್ನ ಯಾರ ಕೈಲೂ ಕಳಿಸೋಕಾಗಲ್ಲ," ಎಂದಳು. "ಸ್ಕ್ಯಾನರ್ ಎಲ್ಲಿದೆ?"

ಜೋಡಿಸಿದರು. ಅಂಚೆಯವಳ ಕಾಲಿನ ನಕ್ಷೆ ಪರದೆಯ ಮೇಲೆ ಪದರ ಪದರವಾಗಿ ಕಟ್ಟಿಕೊಳ್ಳತೊಡಗಿತು. ಫ್ಯಾನು ಜೋರಾಯಿತು. ಮೂವರೂ ಪರದೆಯನ್ನೇ ನೋಡಿದರು. ಶಾಖದ ಅಂಕಿ ಏರಿತು… ಇನ್ನೂ ಏರಿತು… ನಿಂತಿತು. ಮೊಣಕಾಲಿನವರೆಗೆ ಬಂದ ನಕ್ಷೆ ಮುಂದುವರಿದು ಪೂರ್ತಿಯಾಯಿತು.

"ಆಯ್ತಾ? ನನ್ನ ಕಾಲು ಆಯ್ತಾ?" ಎಂದಳು ಅಂಚೆಯವಳು.

"ಆಯ್ತು ಅಕ್ಕ," ಎಂದಳು ಅವಳು. "ಇಷ್ಟು ದಿನ ತಡ ಆಗಿದ್ದು ಇವರಿಂದಲ್ಲ. ನಾನು ಒಂದು ಹಾಳೆ ತೆಗೆಯೋದು ಮರೆತೆ. ಮೇಲಿಂದ ಇವರನ್ನೇ ಬೈದೆ. ಇಬ್ಬರೂ ಕ್ಷಮಿಸ್ಬೇಕು."

ಅಂಚೆಯವಳು ಇವಳ ಮುಖ ನೋಡಿದಳು, ಅವನ ಮುಖ ನೋಡಿದಳು. ಮನೆ ಮನೆಯ ಬಾಗಿಲು ಕಂಡವಳಿಗೆ ಹೇಳಿಕೊಡಬೇಕೆ?

"ನಾನು ಹೊರಗೆ ಬಿಸಿಲಲ್ಲಿ ಕೂತಿರ್ತೀನಪ್ಪ. ಇಲ್ಲಿ ಪುಡಿ ಜಾಸ್ತಿ," ಎಂದು ಊರುಗೋಲು ತೆಗೆದುಕೊಂಡಳು.

ಫ್ಯಾನಿನ ಸದ್ದು ಮೆಲ್ಲಗೆ ಇಳಿಯಿತು.

"ನಿಜ ಹೇಳ್ಲಾ?" ಎಂದ ಅವನು. "ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಲ್ಯಾಪ್‌ಟಾಪ್ ಬಿಸಿ ಆಗ್ತಿದ್ದದ್ದು ನಿಜ. ಆದ್ರೆ ಊರಲ್ಲಿ ಬೇರೆ ಅಂಗಡಿಗಳೂ ಇದ್ವು."

"ಹೋಗ್ಬಹುದಿತ್ತಲ್ಲ?"

"ಒಂದಕ್ಕೆ ಹೋದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ."

"ಯಾಕೆ?"

"ಅವರು ಸರಿ ಮಾಡಿಬಿಟ್ರೆ?"

ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. ಗಂಡ ಹೋದ ಮೇಲೆ ಅವಳು ಬೇರೆಯವರ ಎದುರು ಅತ್ತದ್ದು ಅದೇ ಮೊದಲು. ಅವನು ಹತ್ತಿರ ಬರಲಿಲ್ಲ. ಬೆಂಚನ್ನು ಮಾತ್ರ ಅವಳ ಕಡೆಗೆ ಸರಿಸಿದ. ಅವಳು ಕೂತಳು.

"ನಾನು ಯಾಕೆ ಮರೆತೆ ಅಂತ ನೀವು ಕೇಳ್ಲೇ ಇಲ್ಲ," ಎಂದಳು.

"ಕೇಳ್ಲಾ?"

"ಬೇಡ… ನೀವೇನೋ ಹೇಳ್ತಿದ್ರಿ ಅವತ್ತು. ನಾನು ಕೇಳಿಸ್ಕೊಳ್ತಿದ್ದೆ. ಅಷ್ಟೆ."

ಅವನು ತನ್ನ ಬಿಳಿ ಪುಡಿ ಹತ್ತಿದ ಕೈಗಳನ್ನು ನೋಡಿಕೊಂಡ.

"ಇನ್ನು ಇದು ಕೆಡೋದಿಲ್ಲ," ಎಂದಳು ಅವಳು ಎದ್ದು ನಿಂತು.

"ಹಾಗಾದ್ರೆ ನಾನು ಏನು ಹೇಳ್ಕೊಂಡು ಬರ್ಲಿ?"

"ಏನೂ ಹೇಳ್ಬೇಡಿ. ಬರಿಗೈಲಿ ಬನ್ನಿ."

"ಬೀದಿ ಖಾಲಿ ಇರೋ ಹೊತ್ತು ನೋಡಿ ಬರ್ತೀನಿ."

"ಬೇಡ," ಎಂದಳು. "ಎಲ್ಲರೂ ಇರೋ ಹೊತ್ತಿಗೇ ಬನ್ನಿ."