ಏಳನೇ ನಂಬರಿನ ಕಾರ್ಟಿಸಾಲ್

ಪಟ್ಟಿಯಲ್ಲಿ ಏಳನೆಯವನ ಹೆಸರು ಹೊಡೆದುಹಾಕಬೇಕಿತ್ತು. ಪೆನ್ನು ಹಿಡಿದು ಅರ್ಧ ಗಂಟೆಯಾದರೂ ರೌಧಾಳ ಕೈ ಮುಂದಕ್ಕೆ ಹೋಗಲೊಲ್ಲದು.

ಕಡಲ ತೀರದ ಊರು ಮೊನಾಸ್ತೀರ್‌ನ ವೈದ್ಯಕೀಯ ಕಾಲೇಜಿನಲ್ಲಿ ಕ್ಲಿನಿಕಲ್ ಬಯೋಕೆಮಿಸ್ಟ್ರಿ ಕಲಿಸುವ ಅವಳು ಈ ಸಂಶೋಧನೆ ಮುಗಿಸಿದರೆ ಪ್ರೊಫೆಸರ್. ಆರೋಗ್ಯವಂತರ ರಕ್ತದ ಅಂಶಗಳು ವಾರದಿಂದ ವಾರಕ್ಕೆ ಎಷ್ಟು ಏರುಪೇರಾಗುತ್ತವೆ ಎಂದು ಅಳೆಯುವ ಕೆಲಸ. ಇಪ್ಪತ್ತು ಜನ, ಹತ್ತು ಮಂಗಳವಾರ, ಬೆಳಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆ. ಎಂಟು ವಾರ ಕಳೆದು ಇವತ್ತು ಒಂಬತ್ತನೆಯ ಮಂಗಳವಾರ. ಏಳನೆಯವನಾದ, ದೋಣಿ ಕಟ್ಟುವ ಲಸ್ಸಾದನ ಕಾರ್ಟಿಸಾಲ್ ಮಾತ್ರ, ಅದೇ ಗಾಬರಿಯಾದಾಗ ಏರುವ ಹಾರ್ಮೋನು, ಅಟ್ಟ ಹತ್ತಿ ಕೂತಿತ್ತು. ಅಂಥವರನ್ನು ಕೈಬಿಡುವುದೇ ನಿಯಮ. ಕೈಬಿಟ್ಟರೆ, ಆ ಊರಿನ ಗಂಡಸರಂತೆ ಕಿವಿಗೆ ಮಲ್ಲಿಗೆ ಸಿಕ್ಕಿಸಿಕೊಂಡು, ಮರದ ಪುಡಿಯ ವಾಸನೆ ಹೊತ್ತು ಅವನು ಇಲ್ಲಿಗೆ ಬರಲು ಇನ್ನಾವ ನೆಪ?

ಎಂಟಕ್ಕೆ ಸರಿಯಾಗಿ ಅವನು ಬಂದು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದ.

"ಬೇಸರ ಮಾಡ್ಕೋಬೇಡಿ ಲಸ್ಸಾದ್, ನಿಮ್ಮನ್ನ ಕೈಬಿಡ್ಬೇಕು. ನಿಮಗೆ ಸೂಜಿ ಕಂಡ್ರೆ ಭಯ ಅನ್ಸುತ್ತೆ."

"ದಿನಾ ಉಳಿ ತಾಗಿ ಕೈ ಕುಯ್ಕೊಳ್ಳೋನಿಗೆ ನಿಮ್ಮ ಸೂಜಿ ಯಾವ ಲೆಕ್ಕ ಡಾಕ್ಟ್ರೇ?" ಅವನು ಮೇಜಿನ ಮೇಲಿದ್ದ ತನ್ನ ಗ್ರಾಫಿನ ಕಡೆ ಬಗ್ಗಿದ. "ಮೂರನೇ ವಾರ, ಆರನೇ ವಾರ ಯಾಕೆ ಕೆಳಗಿದೆ?"

ಮೂಲೆಯಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ಹಿರಿಯ ಟೆಕ್ನಿಷಿಯನ್ ಹಬೀಬಾ ತಲೆ ಎತ್ತಲೇ ಇಲ್ಲ. "ಆ ಎರಡು ವಾರ ನೀನು ಟ್ಯೂನಿಸ್‌ಗೆ ಹೋಗಿದ್ದೆ ಮಗಳೇ. ರಕ್ತ ತೆಗೆದದ್ದು ನಾನು. ನನ್ನ ಮುಖ ನೋಡಿ ಯಾರ ಎದೆ ಹೊಡ್ಕೊಳ್ಳುತ್ತೆ?"

ರೌಧಾ ದಾಖಲೆಯ ಪುಟ ತಿರುಗಿಸಿದಳು. ಹಬೀಬಾ ಹೇಳಿದ್ದು ನಿಜವೇ ಆಗಿತ್ತು.

"ಉಳಿದ ಹತ್ತೊಂಬತ್ತು ಜನಕ್ಕೂ ನಾನೇ ಚುಚ್ಚಿದ್ದು," ಹಬೀಬಾ ಮುಂದುವರಿಸಿದಳು. "ಇವನು ಬಂದ್ರೆ ಮಾತ್ರ, 'ನೀವು ಬಿಡಿ ಚಿಕ್ಕಮ್ಮ' ಅಂತ ನೀನೇ ಓಡಿ ಬರ್ತಿದ್ದೆ. ನಾನ್ಯಾಕೆ ಬಾಯಿ ಬಿಡ್ಲಿ?"

ರೌಧಾಳ ಕಿವಿ ಕೆಂಪಾಯಿತು. ಎಲ್ಲರ ರಕ್ತವನ್ನೂ ಒಬ್ಬರೇ ತೆಗೆಯಬೇಕು ಎಂದು ವರ್ಷವಿಡೀ ವಿದ್ಯಾರ್ಥಿಗಳೆದುರು ಗಂಟಲು ಹರಿದುಕೊಳ್ಳುವವಳು ತಾನೇ.

"ನೀವಂದ್ರೆ ಇಷ್ಟ ಡಾಕ್ಟ್ರೇ," ಲಸ್ಸಾದ್ ನೆಲ ನೋಡುತ್ತ ಹೇಳಿದ. "ಎಂಟು ವಾರದಿಂದ ಹೇಳೋಕೆ ಬಾಯೇ ಬರ್ಲಿಲ್ಲ. ರಕ್ತ ಹೇಳ್ಬಿಡ್ತು ನೋಡಿ."

ಅವಳು ಅವನ ಹೆಸರನ್ನು ನೇರವಾಗಿ ಹೊಡೆದುಹಾಕಿದಳು. ಕಾರಣದ ಜಾಗದಲ್ಲಿ 'ತಪ್ಪು ಸಂಶೋಧಕಿಯದು' ಎಂದು ಬರೆದಳು. ಅವನ ಮುಖ ಬಾಡಿತು.

"ಮುಂದಿನ ಮಂಗಳವಾರ ಎಂಟಕ್ಕೆ ಬನ್ನಿ," ಅಂದಳು. "ಖಾಲಿ ಹೊಟ್ಟೆಲೇ."

"ಮತ್ತೆ ರಕ್ತಾನಾ?"

"ಅಲ್ಲ. ಬಂದರಿನ ಹತ್ರ ಬಿಸಿ ಕಡಲೆ ಸಾರು ಸಿಗುತ್ತಲ್ಲ, ಲಬ್ಲಾಬಿ. ನಾನೂ ಏನೂ ತಿಂದಿರಲ್ಲ."