ಚಿನ್ನುವಿಗೆ ಯಾವ ಕತೆ?

"ಕುಂಟಾನೆ ಕತೆ ತಕ್ಕೊಂಡೋಗ್ಲಾ ರಾಯಪ್ಪ! ಅದನ್ನ ಬುಟ್ರೆ ಬ್ಯಾರೆ ಕತೇನೇ ಇಲ್ಲ!" ಮುದ್ದಯ್ಯ ಜಗುಲಿಯ ಮೇಲಿಂದ ಕೂಗಿದ.

"ರಕ್ಕಸನ ಕತೆಗೇನಾಗೈತ್ಲಾ? ಅದ್ರಲ್ಲಿ ಒಂದೇ ಏಟ್ಗೆ ನೂರು ತಲೆ ಉದುರ್ತವೆ," ಎಂದ ಲಕ್ಷ್ಮಣ.

"ತಲೆ ಉದುರಿದ್ರೆ ಆಗೋಯ್ತಾ? ಆನೆ ಬೇಕು ಕಣ್ಲಾ, ಆನೆ!"

ರಾಯಪ್ಪ ಇವನ ಮುಖ ನೋಡಿದ, ಅವನ ಮುಖ ನೋಡಿದ. ಕೊನೆಗೆ ಹೊಸ್ತಿಲ ಒಳಗೆ ಕುಳಿತಿದ್ದ ಪುಟ್ಟತಾಯಿಯ ಕಡೆ ತಿರುಗಿದ. "ನೀನೇಳಮ್ಮಿ. ಎಲ್ಲಾ ಕಟ್ಟೂ ಓದಿರೋಳು ನೀನೊಬ್ಳೇ."

ಅದು ಶ್ರೀರಂಗಪಟ್ಟಣದ ಕೋಟೆಯಾಚೆ, ಗಂಜಾಂನಲ್ಲಿದ್ದ ಬಡಗಿ ಕಾಳಪ್ಪನ ಮನೆ. ಆ ಮನೆಯ ಜಗುಲಿಯೇ ಹುಡುಗರ ಶಾಲೆ. ಕುಳ್ಳಯ್ಯ ಎಂಬ ವಯಸ್ಸಾದ ಅಯ್ಯನವರು ಅಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹುಡುಗಿಯರನ್ನು ಶಾಲೆಗೆ ಕಳಿಸುವ ಕಾಲವಲ್ಲ ಅದು. ಆದರೆ ಕಾಳಪ್ಪನ ಮಗಳು ಪುಟ್ಟತಾಯಿ ಶಾಲೆಗೆ ಹೋಗಬೇಕಾಗಿಯೇ ಇರಲಿಲ್ಲ. ಶಾಲೆಯೇ ಅವಳ ಮನೆಗೆ ಬಂದಿತ್ತು. ಒಳಗೆ ಕುಳಿತು ಕೇಳಿ ಕೇಳಿ ಅವಳು ಹುಡುಗರಿಗಿಂತ ಮೊದಲೇ ಓದಲು ಕಲಿತುಬಿಟ್ಟಿದ್ದಳು.

ಆಗ ಅಚ್ಚಾದ ಪುಸ್ತಕಗಳು ಎಲ್ಲಿದ್ದವು? ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ದಾರ ಪೋಣಿಸಿ ಕಟ್ಟಿದ ಓಲೆಕಟ್ಟುಗಳೇ ಪುಸ್ತಕ. ಅಂಥ ಕೆಲವು ಕಟ್ಟುಗಳು ಅಯ್ಯನವರ ಪೆಟ್ಟಿಗೆಯಲ್ಲಿದ್ದವು. ರಾಯಪ್ಪನಿಗೆ ಈಗ ಅವುಗಳಲ್ಲಿ ಒಂದು ಬೇಕಾಗಿತ್ತು. ಅವರ ಮನೆಯವರು ಯೇಸುಸ್ವಾಮಿಯ ಒಕ್ಕಲು. ಸ್ವಾಮಿ ಹುಟ್ಟಿದ ಹಬ್ಬ, ಅಂದರೆ ಈಗ ನಾವು ಕ್ರಿಸ್ಮಸ್ ಎನ್ನುವ ಹಬ್ಬ, ಹತ್ತಿರ ಬಂದಿತ್ತು. ಹಬ್ಬ ಬರುವವರೆಗೆ ಸಂಜೆ ಹೊತ್ತು ಚಿಕ್ಕ ಮಕ್ಕಳಿಗೆ ಕತೆ ಓದುವುದು ಅವರ ಮನೆಯ ರೂಢಿ. ಆದರೆ ಆ ವರ್ಷದ ಬೇಸಿಗೆಯಲ್ಲಿ ಇಂಗ್ಲಿಷ್ ಕಂಪನಿಯವರ ದಂಡು ಬಂದು ಕೋಟೆಗೆ ಫಿರಂಗಿ ಹೊಡೆದಾಗ ಅವರ ಸೂರಿಗೆ ಕಿಡಿ ಬಿದ್ದು ಓಲೆಗಳೆಲ್ಲ ಸುಟ್ಟುಹೋಗಿದ್ದವು.

"ನನ್ ತಮ್ಮ ಚಿನ್ನೂಗೆ," ಎಂದ ರಾಯಪ್ಪ. "ಅವ್ನಿಗಿನ್ನೂ ಐದು ವರ್ಸ."

ಪುಟ್ಟತಾಯಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ಕುಂಟಾನೆ ಕತೇನೇ," ಎಂದಳು. ಮುದ್ದಯ್ಯ ಎದೆ ಉಬ್ಬಿಸಿದ. "ಆದ್ರೆ ನೀನು ಓದಿದ್ರೆ ಆ ಕತೆ ಕೆಟ್ಟೋಯ್ತದೆ. ನಾನೇ ಬಂದು ಓದ್ತೀನಿ."

ಸಂಜೆ ಪುಟ್ಟತಾಯಿ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಾಗ ಅಜ್ಜಿ ಸುಬ್ಬಮ್ಮ ತಡೆದಳು. "ಎಲ್ಲಿಗಮ್ಮಿ?"

"ಮರಿಯಮ್ಮನ ಮನೆಗೆ."

"ಮಾರಮ್ಮನ ಗುಡಿಗಾ? ಇವತ್ತು ಮಂಗಳವಾರ ಅಲ್ವಲ್ಲ!"

"ಮಾರಮ್ಮ ಅಲ್ಲಜ್ಜಿ, ಮರಿಯಮ್ಮ. ರಾಯಪ್ಪನ ಅವ್ವ. ಅವ್ರ ದೇವ್ರು ದನದ ಕೊಟ್ಟಿಗೇಲಿ ಹುಟ್ಟಿದ್ದಂತೆ. ಅದರ ಹಬ್ಬ."

"ಕೊಟ್ಟಿಗೇಲಾ?" ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಬಾಣಂತಿಗೆ ಒಳ್ಗೊಂದು ಚಾಪೆ ಕೊಡೋರು ಯಾರೂ ಇರ್ನಿಲ್ವಾ?"

ಪುಟ್ಟತಾಯಿ ಆಗಲೇ ಬೀದಿಗಿಳಿದಿದ್ದಳು.

ಮರಿಯಮ್ಮನ ಮನೆಯ ಒಂದು ಗೋಡೆ ಇನ್ನೂ ಕಪ್ಪಗಿತ್ತು. ಚಿನ್ನು ಗೋಡೆಗೆ ಒರಗಿ, ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಕುಳಿತಿದ್ದ. ಪುಟ್ಟತಾಯಿ ದೀಪದ ಹತ್ತಿರ ಕುಳಿತು ಕಟ್ಟು ಬಿಚ್ಚಿದಳು.

ಕತೆ ಚೆನ್ನಾಗಿಯೇ ಶುರುವಾಯಿತು. ಒಂದೂರಿನಲ್ಲಿ ಒಂದು ಕುಂಟಾನೆ. ಅದನ್ನು ಕಂಡರೆ ಎಲ್ಲರಿಗೂ ತಾತ್ಸಾರ. ಚಿನ್ನು ಬೆರಳು ಚೀಪುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ ವೈರಿ ರಾಜ ಬಂದ. ಕುಂಟಾನೆ ಮುನ್ನುಗ್ಗಿತು. ಇದು ಪುಟ್ಟತಾಯಿಗೆ ಬಲು ಇಷ್ಟವಾದ ಜಾಗ. ಅವಳು ದನಿ ಏರಿಸಿ, ಅಂಗೈಯಿಂದ ನೆಲಕ್ಕೆ ಬಡಿದು ಓದಿದಳು: "ಢಮ್! ಢಮ್! ಕೋಟೆಯ ಬಾಗಿಲು ಪುಡಿಪುಡಿಯಾಯಿತು!"

ತಲೆಯೆತ್ತಿ ನೋಡಿದರೆ ಚಿನ್ನು ಇರಲಿಲ್ಲ.

"ಎಲ್ಲೋದ?"

ರಾಯಪ್ಪ ಮೂಲೆಯ ಮಂಚದ ಕಡೆ ಕೈ ತೋರಿಸಿದ. ಮಂಚದ ಕೆಳಗೆ, ಕತ್ತಲಲ್ಲಿ, ಎರಡು ಪುಟ್ಟ ಪಾದಗಳಷ್ಟೇ ಕಾಣುತ್ತಿದ್ದವು.

"ಚಿನ್ನೂ, ಗೆಲ್ಲೋದು ನಮ್ಮಾನೇನೇ ಕಣೋ! ಬಾ, ಆಮೇಲೆ ಅದಕ್ಕೆ ಕಬ್ಬು ಕೊಡ್ತಾರೆ!"

ಪಾದಗಳು ಇನ್ನಷ್ಟು ಒಳಕ್ಕೆ ಸರಿದವು.

ಮರಿಯಮ್ಮ ಮೆಲ್ಲಗೆ ಹೇಳಿದಳು. "ಬೇಸ್ಗೇಲಿ ಫಿರಂಗಿ ಹೊಡೀವಾಗ ನಾವೆಲ್ಲಾ ಅಲ್ಲೇ ಇದ್ವಿ ಕಣವ್ವ, ಮಂಚದ ಕೆಳ್ಗೆ. ಆಮ್ಯಾಕೆ ನಾವು ಈಚೆಗ್ಬಂದ್ವಿ. ಇವ್ನು ಒಂದೊಂದ್ಸತಿ ಅಲ್ಗೇ ಓಯ್ತಾನೆ."

ಪುಟ್ಟತಾಯಿ ಓಲೆಗಳನ್ನು ಜೋಡಿಸಿಕೊಂಡಳು. ಅವಳಿಗೆ ಒಂದೂ ಅರ್ಥವಾಗಲಿಲ್ಲ. ಯುದ್ಧ ಮುಗಿದು ಎಷ್ಟೋ ಕಾಲವಾಯಿತಲ್ಲ? ಇದು ಬರೀ ಕತೆಯಲ್ಲವೇ?

ಬಾಗಿಲಲ್ಲಿ ರಾಯಪ್ಪ ಸಿಟ್ಟಿನಿಂದ ಪಿಸುಗುಟ್ಟಿದ. "ಚೆನ್ನಾಗೈತೆ ಅಂದ್ಯಲ್ಲಮ್ಮಿ!"

"ಚೆನ್ನಾಗೇ ಐತಲ್ಲ!" ಎಂದಳು ಪುಟ್ಟತಾಯಿ. ಮನೆಗೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಮರುದಿನ ಅವಳು ಅಯ್ಯನವರ ಪೆಟ್ಟಿಗೆಯ ಮುಂದೆ ಕುಳಿತಳು. "ಅಯ್ನೋರೆ, ಯುದ್ಧ ಇಲ್ದಿರೋ ಕತೆ ಕೊಡಿ."

ಕುಳ್ಳಯ್ಯನವರು ಒಂದು ಕಟ್ಟು ತೆಗೆದರು. ಅದರಲ್ಲಿ ರಕ್ಕಸ. ಇನ್ನೊಂದು ತೆಗೆದರು. ಅದರಲ್ಲಿ ಊರು ಸುಡುತ್ತಾರೆ. ಮತ್ತೊಂದನ್ನು ಮೊಲ ಮತ್ತು ನರಿಯ ಕತೆ ಎಂದು ಖುಷಿಯಿಂದ ಕೊಟ್ಟರು. ಕೊನೆಗೆ ನೋಡಿದರೆ ಮೊಲವೇ ದಂಡು ಕಟ್ಟಿಕೊಂಡು ಬರುತ್ತಿತ್ತು. ಅಯ್ಯನವರಿಗೇ ಆಶ್ಚರ್ಯವಾಯಿತು. ತಲೆ ಕೆರೆದುಕೊಂಡು, "ಯುದ್ಧ ಇಲ್ದಿದ್ರೆ ಕತೆ ಮುಗಿಸೋದೆಂಗಮ್ಮಿ?" ಎಂದರು.

ಅಜ್ಜಿಯನ್ನು ಕೇಳಿದರೆ ಅವಳದು ಬೇರೆಯೇ ಮಾತು. "ಎದುರ್ಕೊಂಡ ಮಗೀಗೆ ಧೈರ್ಯದ ಕತೇನೇ ಯೋಳ್ಬೇಕು. ಇನ್ನೂ ಜೋರಾಗಿ ಓದು."

"ಅಳಬುರುಕ ಅವ್ನು," ಎಂದ ಮುದ್ದಯ್ಯ. "ನಾನೂ ಇಲ್ಲೇ ಇದ್ದೆ ಬೇಸ್ಗೇಲಿ. ನಂಗೇನೂ ಆಗ್ನಿಲ್ಲ."

ಯಾರ ಮಾತು ಸರಿ? ಪುಟ್ಟತಾಯಿಯ ತಲೆ ಕೆಟ್ಟುಹೋಯಿತು. ದಂಡು ಬರುವ ಸುದ್ದಿ ಕೇಳಿದಾಗಲೇ ಅಪ್ಪ ಅವಳನ್ನೂ ಅಜ್ಜಿಯನ್ನೂ ಗಾಡಿ ಹತ್ತಿಸಿ ಹೊಣಕೆರೆಯ ನೆಂಟರ ಮನೆಗೆ ಕಳಿಸಿದ್ದ. ಅಲ್ಲಿ ಅವಳು ಬೇಸಿಗೆಯೆಲ್ಲ ಹುಣಸೆಕಾಯಿ ತಿಂದು, ಕೆರೆಯಲ್ಲಿ ಕಾಲಾಡಿಸಿ ಬಂದಿದ್ದಳು. ಫಿರಂಗಿಯ ಸದ್ದು ಹೇಗಿರುತ್ತದೋ ಅವಳು ಕೇಳಿಯೇ ಇರಲಿಲ್ಲ. ನೆಲಕ್ಕೆ ಬಡಿದು ಢಮ್ ಎಂದದ್ದು ನೆನಪಾಗಿ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಸಂಜೆ ಕಟ್ಟು ಇಲ್ಲದೆ ಬರಿಗೈಯಲ್ಲೇ ಹೋದಳು. ಅವಳ ದನಿ ಕೇಳಿದ ಕೂಡಲೇ ಚಿನ್ನು ಮಂಚದ ಕೆಳಗೆ ನುಗ್ಗಿದ. ಪುಟ್ಟತಾಯಿ ಬಗ್ಗಿ, ತಾನೂ ತೆವಳಿಕೊಂಡು ಒಳಗೆ ಹೋದಳು. ಅಲ್ಲಿ ಧೂಳು, ಒಂದು ಮುರಿದ ಮೊರ. ಕಿವಿಗೆ ತಾಗುವಷ್ಟು ಹತ್ತಿರದಲ್ಲಿ ಚಿನ್ನುವಿನ ಉಸಿರು.

"ಆನೆ ಬಂತಾ?" ಎಂದ ಚಿನ್ನು.

"ಇಲ್ಲ. ಮನೇಲೇ ಬುಟ್ಬಂದೆ."

ಪುಟ್ಟತಾಯಿ ಮುರಿದ ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು. "ನಿಂಗೆ ಯಾವ ಕತೆ ಇಷ್ಟ?"

ಹೀಗೆಂದು ಅವನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಚಿನ್ನು ತುಂಬ ಹೊತ್ತು ಯೋಚಿಸಿದ. "ಕೊಟ್ಟಿಗೇದು."

"ನಿಮ್ ಸ್ವಾಮಿ ಹುಟ್ಟಿದ್ದಾ? ಅದು ನಂಗೆ ಬರಾಕಿಲ್ವಲ್ಲ."

"ಸ್ವಾಮೀದು ಅವ್ವ ಯೋಳ್ತಾಳೆ," ಎಂದ ಚಿನ್ನು. "ಅಲ್ಲೊಂದು ಹಸು ಇತ್ತಲ್ಲ, ಅದ್ರದ್ದು ಯಾರೂ ಯೋಳಾಕಿಲ್ಲ."

ಹಸು! ಹಸು ಅಂದರೆ ಪುಟ್ಟತಾಯಿಗೆ ಗೊತ್ತಿತ್ತು. ಆದರೂ ಹಸುವಿನದೇನು ಕತೆ? ಅದಕ್ಕೆ ವೈರಿ ಇಲ್ಲ, ಗೆಲುವಿಲ್ಲ. ಹೇಗೆ ಶುರು ಮಾಡುವುದೋ ತಿಳಿಯದೆ, ತೋಚಿದ್ದನ್ನು ಹೇಳತೊಡಗಿದಳು. "ಅದು ಕೆಂದು ಹಸು. ಹುಲ್ಲು ಮೇದು ಬಂದಿತ್ತು. ಕೂಸು ಅತ್ತಾಗ ಕಿವಿ ಆಡಿಸ್ತು."

"ಆಮೇಲೆ?"

"ಆಮೇಲೆ ಮೆಲುಕು ಹಾಕ್ತು."

"ಆಮೇಲೆ?"

"ಕೂಸು ಮಲ್ಗಿದ್ದ ಹುಲ್ಲಿನ ಗೋದಲೀಲಿ ಮೂಗು ಹಾಕಿ ಉಫ್ ಅಂತ ಬಿಸಿ ಉಸಿರು ಬುಡ್ತು. ಕೂಸಿಗೆ ಬೆಚ್ಚಗಾಯ್ತು."

ಚಿನ್ನು ಬಾಯಿ ದುಂಡಗೆ ಮಾಡಿ ಅವಳ ಕೈಮೇಲೆ ಉಫ್ ಎಂದ. ಬಿಸಿಯಾಗಿತ್ತು. ಇಬ್ಬರಿಗೂ ನಗು ಬಂತು. ಅಂದು ಚಿನ್ನು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಆದರೆ ಪುಟ್ಟತಾಯಿ ಹೊರಟಾಗ ಕತ್ತಲಿನಿಂದ ಒಂದು ಕೈ ಹೊರಗೆ ಬಂದು ಅವಳ ಲಂಗ ಹಿಡಿದು, "ನಾಳೆನೂ ಹಸೂನ ಕರ್ಕೊಂಬಾ," ಎಂದಿತು.

ಮರುದಿನ ಜಗುಲಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಯಾವ ಕಟ್ಟು ಓದ್ದೆ?"

"ಯಾವ್ದೂ ಇಲ್ಲ. ಹಸೂನ ಕತೆ ಯೋಳ್ದೆ."

"ಹಸು ಏನ್ ಮಾಡ್ತು? ಯಾರನ್ನ ಹಾಯ್ತು?" ಮುದ್ದಯ್ಯ ಕೇಳಿದ.

"ಯಾರನ್ನೂ ಇಲ್ಲ. ಮೆಲುಕು ಹಾಕ್ತು."

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುದ್ದಯ್ಯ. "ಅದೂ ಒಂದು ಕತೇನಾ!"

ಅಷ್ಟರಲ್ಲಿ ಬೀದಿಯಲ್ಲಿ ಅಪ್ಪನ ಗಾಡಿ ಬಂದು ನಿಂತಿತು. ಆಳುಗಳು ಹಗ್ಗ ಬಿಚ್ಚಿದ್ದೇ ತಡ, ದೊಡ್ಡದೊಂದು ಮರದ ದಿಮ್ಮಿ ಜಾರಿ ನೆಲಕ್ಕೆ ಬಿತ್ತು. ಜಗುಲಿಯೇ ಅದುರಿತು.

ಪುಟ್ಟತಾಯಿ ತಿರುಗಿ ನೋಡಿದಳು. ಜಗುಲಿಯಲ್ಲಿ ಯಾರೂ ನಗುತ್ತಿರಲಿಲ್ಲ. ಲಕ್ಷ್ಮಣ ಎರಡು ಕಿವಿಯನ್ನೂ ಮುಚ್ಚಿಕೊಂಡಿದ್ದ. ರಾಯಪ್ಪನ ಕೈಯಿಂದ ಮರಳು ಸುರಿಯುತ್ತಿತ್ತು. ಮುದ್ದಯ್ಯ ಕಂಬವನ್ನು ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದ.

ಅವಳು ಹೊಸ್ತಿಲು ದಾಟಿ, ಜಗುಲಿಗೆ ಬಂದು, ಮೊದಲ ಸಲ ಹುಡುಗರ ಸಾಲಿನಲ್ಲೇ ಮುದ್ದಯ್ಯನ ಪಕ್ಕದಲ್ಲಿ ಕುಳಿತಳು. ಅವನ ಮುಖ ನೋಡದೆ ಬೀದಿಯ ಕಡೆಗೇ ನೋಡುತ್ತಿದ್ದಳು. ಆಳುಗಳು ದಿಮ್ಮಿಯನ್ನು ಉರುಳಿಸಿಕೊಂಡು ಹಿತ್ತಲಿಗೆ ಹೋದರು. ಧೂಳು ನಿಧಾನಕ್ಕೆ ಇಳಿಯಿತು.

ತುಂಬ ಹೊತ್ತಾದ ಮೇಲೆ ಮುದ್ದಯ್ಯ ಕಂಬ ಬಿಟ್ಟ. ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದ.

"ಆ ಹಸು... ಆಮೇಲೇನ್ ಮಾಡ್ತು?"